ಎಡಗೈ ರೀಲು

ಜನವರಿ 5, ಸೋಮವಾರ

ಪ್ಲಾಸ್ಟರ್ ಕತ್ತರಿಸಿ ತೆಗೆದರು. ಒಳಗಿಂದ ಹೊರಬಂದ ಬಲಗೈ ನನ್ನದೇ ಎಂದು ನಂಬುವುದಕ್ಕಾಗಲಿಲ್ಲ, ಅಷ್ಟು ಬಡಕಲು. ಮಣಿಕಟ್ಟಿನ ಒಳಗೆ ಉಕ್ಕಿನ ತಗಡು, ಅದನ್ನು ಹಿಡಿದಿಡಲು ಸ್ಕ್ರೂಗಳು. ಬಟ್ಟೆ ಹಿಂಡಬೇಡಿ, ಬಕೆಟ್ ಎತ್ತಬೇಡಿ, ಡಬ್ಬಿಯ ಮುಚ್ಚಳ ತಿರುಗಿಸಬೇಡಿ ಎಂದರು ಡಾಕ್ಟರು. ಗಾಳ ಬೀಸಬಹುದೇ ಎಂದು ಕೇಳಿದೆ. ಅವರು ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ.

ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕಾಗೆ ಕಾಲು ಗುಬ್ಬಿ ಕಾಲು. ಇರಲಿ, ಯಾರಿಗೂ ತೋರಿಸಬೇಕಾಗಿಲ್ಲ.

ಜನವರಿ 11, ಭಾನುವಾರ

ಅಣ್ಣ, ಅತ್ತಿಗೆ ನೋಡಲು ಬಂದಿದ್ದರು. ಮೀನು ಹಿಡಿಯುವ ಹೋದ ಸೀಸನ್ನಿನ ಕೊನೆಯ ದಿನ ಕೆರೆಯಲ್ಲಿ ಬೋಟಿನಿಂದ ಇಳಿಯುವಾಗ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಬಿದ್ದೆನಲ್ಲ, ಅಂದಿನಿಂದ ಅಣ್ಣ ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದಾನೆ. ಅವತ್ತೂ ಎಂದಿನ ಹಾಗೆ ಮೊದಲು ತಾನಿಳಿದು ನನಗೆ ಕೈ ಕೊಟ್ಟಿದ್ದ. ನಾನೇ ಸರಿಯಾಗಿ ಹಿಡಿದುಕೊಳ್ಳಲಿಲ್ಲ. ಅದಕ್ಕೆ ಇಷ್ಟು ದಿನ ಗಂಟು ಮುಖವೇ?

ನನ್ನ ಗಂಡ ಟೀ ಮಾಡಿಕೊಟ್ಟರು. ಅಣ್ಣ ಅರ್ಧ ಲೋಟ ಸಾಕು ಎಂದ. ಅದನ್ನೂ ಆರಿ ತಣ್ಣಗಾಗುವವರೆಗೆ ಮುಟ್ಟಲಿಲ್ಲ. ಇವರು ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು, ಟೀ ಮಾಡುವುದು ಇತ್ತೀಚೆಗೆ ಕಲಿತದ್ದು, ರುಚಿ ಸ್ವಲ್ಪ ಹಾಗೇ. ಆದರೂ ಮನೆಗೆ ಬಂದವನು ಒಂದು ಗುಟುಕು ಕುಡಿಯುವ ಶಾಸ್ತ್ರವಾದರೂ ಬೇಡವೇ.

ಆಮೇಲೆ ಬಾಯಿ ಬಿಟ್ಟ. ಗಾಳದ ಕ್ಲಬ್ಬಿನ ಈ ಸಲದ ಪಂದ್ಯಕ್ಕೆ ಬೋಟಿನ ಹಿಂದಿನ ಸೀಟಿಗೆ ತನ್ನ ಅಳಿಯ ಬರುತ್ತಾನಂತೆ.

"ನೀನು ದಡದಲ್ಲಿ ತೂಕದ ಮೇಜಿಗೆ ಕೂತ್ಕೋ. ನೆರಳಿರುತ್ತೆ. ಕ್ಲಬ್ಬಿನವರಿಗೆ ಹೇಳಿದೀನಿ."

ಹೇಳಿದ್ದಾನಂತೆ. ನನ್ನನ್ನು ಕೇಳಬೇಕು ಎಂದು ಅನ್ನಿಸಲೇ ಇಲ್ಲ. ಲಂಗ ಹಾಕಿಕೊಳ್ಳುವ ವಯಸ್ಸಿನಿಂದ ಆ ಹಿಂದಿನ ಸೀಟು ನನ್ನದು. ಅಪ್ಪ ಬೇಡವೆಂದರೂ ಹಠ ಮಾಡಿ ಕೂರಿಸಿಕೊಂಡವನು ಇದೇ ಅಣ್ಣ. ಈಗ ನಿನ್ನೆ ಮೊನ್ನೆ ಗಾಳ ಹಿಡಿದ ಅಳಿಯನಿಗೆ ಅದನ್ನು ಬಿಟ್ಟುಕೊಡಬೇಕು, ಯಾರದೋ ಮೀನು ತೂಗುತ್ತಾ ನೆರಳಲ್ಲಿ ಕೂರಬೇಕು. ಮೈಯೆಲ್ಲ ಉರಿಯಿತು. ಬಿಸ್ಕತ್ತಿನ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಜನವರಿ 12, ಸೋಮವಾರ

ತೂಕದ ಮೇಜಂತೆ. ಕೂರುತ್ತೇನೆ, ಕಾಯುತ್ತಾ ಇರಲಿ.

ಜನವರಿ 24, ಶನಿವಾರ

ಕೆಲಸಕ್ಕೆ ಹೋಗಲು ಶುರುಮಾಡಿದೆ. ನಮ್ಮದು ಸಮವಸ್ತ್ರ ಹೊಲಿಯುವ ಕಾರ್ಖಾನೆ. ನಾನು ಕತ್ತರಿಸುವ ಮೇಜಿನ ಮುಖ್ಯಸ್ಥೆ, ಅಂದರೆ ಆಗಿದ್ದೆ. ಈಗ ನನ್ನನ್ನು ಲೇಬಲ್ ಮೇಜಿಗೆ ಹಾಕಿದ್ದಾರೆ. ಕಾಲರಿನ ಒಳಗೆ ಅಳತೆಯ ಚೀಟಿ ಇಟ್ಟು ಮುಂದಕ್ಕೆ ತಳ್ಳುವ ಕೆಲಸ. ಎಲ್ಲರೂ ಸೇರಿಕೊಂಡು ನನಗೆ ಮೇಜು ಹುಡುಕುತ್ತಿದ್ದಾರೆ. ನನ್ನ ಮೇಜಿನ ಮೇಲೆ ನನ್ನ ದೊಡ್ಡ ಕತ್ತರಿ ಹಿಡಿದು ಮತ್ತೊಬ್ಬಳು ಅಂಗಿಯ ತೋಳು ಕತ್ತರಿಸುತ್ತಿದ್ದಳು. ಅಂಚು ಹಲ್ಲು ಹಲ್ಲಾಗಿ ಬರುತ್ತಿತ್ತು. ನೋಡಲಾಗದೆ ತಲೆ ತಗ್ಗಿಸಿ ಚೀಟಿ ಇಟ್ಟೆ.

ಸಂಜೆ ಕೈಗೆ ವ್ಯಾಯಾಮ ಕಲಿಸುವ ಮೇಡಂ ಹತ್ತಿರ ಹೋಗಿದ್ದೆ. ಸ್ಪಂಜಿನ ಚೆಂಡು ಕೊಟ್ಟು ಹಿಸುಕಿ ಎನ್ನುತ್ತಾರೆ. ಹಿಡಿಯುವುದಕ್ಕೆ ನೋವಿಲ್ಲ, ಹೆಬ್ಬೆರಳು ಚೆನ್ನಾಗಿದೆ, ಆದರೆ ಬೀಗದ ಕೈ ತಿರುಗಿಸಿದ ಹಾಗೆ ತಿರುಗಿಸಿದರೆ ಪ್ರಾಣ ಹೋಗುತ್ತದೆ. ಇದು ಹೀಗೇ ಇರುತ್ತದಾ ಎಂದೆ. ಕೆಲವರಿಗೆ ಸ್ವಲ್ಪ ಉಳಿಯುತ್ತದೆ ಎಂದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಯೋಚಿಸಿದೆ. ನಾವು ಹಿಡಿಯುವುದು ದೊಡ್ಡ ಬಾಸ್ ಮೀನು. ಅದು ಗೇಣುದ್ದದ ಮೀನನ್ನೇ ಗುಳುಂ ಅನ್ನಿಸುವ ಪ್ರಾಣಿ. ಅದಕ್ಕೆ ಎಸೆಯುವ ಲ್ಯೂರ್, ಅಂದರೆ ಬಣ್ಣ ಬಳಿದ ಹುಸಿಮೀನು, ಅದೂ ಗೇಣುದ್ದವೇ. ತೂಕ ಹೆಚ್ಚುಕಡಿಮೆ ಕಾಲು ಕಿಲೋ. ಎಲ್ಲರೂ ಬಲಗೈಯಲ್ಲಿ ಬೀಸಿ ಎಸೆಯುತ್ತಾರೆ, ಕೋಲನ್ನು ಎಡಗೈಗೆ ದಾಟಿಸುತ್ತಾರೆ, ಬಲಗೈಯಲ್ಲಿ ರೀಲಿನ ಹಿಡಿ ತಿರುಗಿಸಿ ಎಳೆದುಕೊಳ್ಳುತ್ತಾರೆ. ನನಗೆ ಆಗದೇ ಇರುವುದು ಆ ತಿರುಗಿಸುವುದೊಂದೇ. ಹಾಗಿದ್ದ ಮೇಲೆ ತಿರುಗಿಸುವ ಕೆಲಸ ಎಡಗೈ ಮಾಡಲಿ, ಬಲಗೈ ಹಿಡಿದುಕೊಂಡಿರಲಿ. ಹಿಡಿ ಎಡಕ್ಕಿರುವ ರೀಲು ಸಿಕ್ಕರೆ ಸಾಕು.

ಇವರಿಗೆ ಹೇಳಿದೆ. "ರೈಟ್, ಹೋಗೋಣ" ಎಂದರು. ಮೀನು ತಟ್ಟೆಗೆ ಬಂದ ಮೇಲಷ್ಟೇ ಇವರಿಗೆ ಆಸಕ್ತಿ, ಆದರೂ ಯಾಕೆ ಏನು ಎಂದು ಕೇಳಲಿಲ್ಲ.

ಫೆಬ್ರವರಿ 7, ಶನಿವಾರ

ರೀಲು ತಂದೆ!

ಗಾಳದ ಅಂಗಡಿ ಸೈಕಲ್ ರಿಪೇರಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಒತ್ತರಿಸಿಕೊಂಡಿದೆ. ಅಂಗಡಿಯವರು ನನ್ನನ್ನು ನೋಡಿದ ಕೂಡಲೇ ಅಣ್ಣಾವ್ರು ಬರಲಿಲ್ಲವಾ ಎಂದರು. ರೀಲು ನನಗೆ ಬೇಕಾಗಿರುವುದು ಎಂದೆ. ಕೈಯ ಮೇಲಿನ ಗಾಯದ ಗೆರೆ ಕಣ್ಣಿಗೆ ಬಿತ್ತು, ಮುಖದ ಮೇಲೆ ಕರುಣೆ ಬಂತು, ನನಗೆ ಹಿಡಿಸದೇ ಇರುವ ಸಾಮಾನು ಅದೊಂದೇ.

ಮೊದಲು ತೆಗೆದದ್ದು ಅಂಗೈಯಲ್ಲಿ ಅಡಗುವ ಪುಟ್ಟ ರೀಲು. ಹಗುರ, ನಯ, ಹಿಡಿ ಒಂದು ಸುತ್ತು ತಿರುಗಿಸಿದರೆ ದಾರದ ಉರುಳೆ ಎಂಟು ಸುತ್ತು ಬರುತ್ತದೆ. ಹೆಂಗಸರ ಕೈಗೆ ಹೇಳಿ ಮಾಡಿಸಿದ ಹಾಗಿದೆ ಎಂದರು. ಬೆರಳುದ್ದದ ಲ್ಯೂರ್ ಎಸೆಯುವವರಿಗೆ ಸರಿ. ನನ್ನ ದಪ್ಪ ದಾರ ಅದರ ಉರುಳೆಯಲ್ಲಿ ಅರ್ಧವೂ ಹಿಡಿಸುವುದಿಲ್ಲ. ಮೇಲಾಗಿ, ಭಾರದ ಲ್ಯೂರ್ ನೀರಿನಲ್ಲಿ ಒದ್ದೆ ಕಂಬಳಿಯ ಹಾಗೆ ಎಳೆಯುತ್ತದೆ, ಇಷ್ಟು ವೇಗದ ಗೇರಿನಲ್ಲಿ ಅದನ್ನು ಸುತ್ತಿದರೆ ಕೈ ಬಿದ್ದುಹೋಗುತ್ತದೆ. ಜೊತೆಗೆ ಬಂದಿದ್ದ ಇವರಿಗೆ ಅದನ್ನು ವಿವರಿಸಿದರೆ, ಗೊತ್ತಾಯಿತು, ಘಾಟಿ ಹತ್ತುವಾಗ ಟಾಪ್ ಗೇರ್ ಹಾಕಿದ ಹಾಗೆ, ಎಂದರು. ಪರವಾಗಿಲ್ಲ, ನನ್ನ ಗಂಡನಿಗೆ ಒಂದೇ ಸಲಕ್ಕೆ ಅರ್ಥವಾಯಿತು.

ಎರಡನೆಯದು ಅಣ್ಣನ ಹತ್ತಿರ ಇರುವಂಥದು. ಗುಂಡಗೆ, ಪೂರ್ತಿ ಲೋಹ, ನಿಧಾನದ ಗೇರ್, ದಾರ ಬೇಕಾದಷ್ಟು ಹಿಡಿಸುತ್ತದೆ. ಆದರೆ ತೂಕದ ಬಟ್ಟಿನಷ್ಟು ಭಾರ. ನನ್ನ ಅಂಗೈ ಅದರ ಸುತ್ತ ಬರುವುದೇ ಇಲ್ಲ. ಹಿಡಿಯೂ ಬಲಕ್ಕೆ.

ಆಗ ಕೆಳಗಿನ ಗಾಜಿನ ಹಲಗೆಯ ಮೂಲೆಯಲ್ಲಿ ಧೂಳು ತಿನ್ನುತ್ತಾ ಕೂತಿದ್ದ ಒಂದನ್ನು ನೋಡಿದೆ. ಮೈ ತಗ್ಗು, ಅಂಗೈಗೆ ಒರಗಿ ಕೂರುತ್ತದೆ. ಹಿಡಿ ಒಂದು ಸುತ್ತಿಗೆ ಉರುಳೆ ಐದು ಸುತ್ತು ಮಾತ್ರ. ಉದ್ದದ ಹಿಡಿ, ತುದಿಯಲ್ಲಿ ಡ್ರಾಯರ್ ಗುಬುಟಿನಷ್ಟು ದಪ್ಪನೆಯ ಗುಬುಟು, ಬೆರಳಲ್ಲ, ಇಡೀ ಮುಷ್ಟಿ ಕೂರುತ್ತದೆ. ಮತ್ತು ಹಿಡಿ ಎಡಕ್ಕೆ.

"ಅದು ಎಡಚರಿಗೆ ಮೇಡಂ. ಯಾರೂ ತಗೊಳ್ಳಲ್ಲ. ನೀವು ಎಡಚರಾ?"

"ಈಗ ಆಗಿದೀನಿ" ಎಂದೆ.

ಫೆಬ್ರವರಿ 8, ಭಾನುವಾರ

ಇಡೀ ಬೆಳಗ್ಗೆ ದಾರ ಸುತ್ತಿದೆ. ದಾರದ ಉಂಡೆಯೊಳಗೆ ಪೆನ್ಸಿಲ್ ತೂರಿಸಿ ಇವರಿಗೆ ಹಿಡಿದುಕೊಳ್ಳಲು ಕೊಟ್ಟೆ, ನಾನು ಎಡಗೈಯಲ್ಲಿ ಹಿಡಿ ತಿರುಗಿಸಿದೆ. ಎಳೆ ಎಳೆ ಹೆಣೆದ ಹೊಸ ದಾರ, ರೇಷ್ಮೆಯ ಹಾಗೆ ನುಣ್ಣಗೆ, ಎಮ್ಮೆ ಕಟ್ಟಿದರೂ ಕಿತ್ತುಕೊಳ್ಳುವುದಿಲ್ಲ. ಇಷ್ಟು ವರ್ಷ ನನ್ನ ರೀಲಿಗೆ ದಾರ ಸುತ್ತಿಕೊಡುತ್ತಿದ್ದದ್ದು ಅಣ್ಣನೇ. ಅವನಿಲ್ಲದೆ ಆಗುವುದಿಲ್ಲ ಎಂದುಕೊಂಡಿದ್ದೆ. ನೋಡಿ, ಆಯಿತು. ಉರುಳೆ ತುಂಬಾ ಲಕಲಕ ಅನ್ನುವ ಹಸಿರು ದಾರ.

ಫೆಬ್ರವರಿ 15, ಭಾನುವಾರ

ಮೀನು ಮರಿ ಮಾಡುವ ಕಾಲವೆಂದು ಕೆರೆ ಮುಚ್ಚಿದೆ, ಏಪ್ರಿಲ್‌ನಲ್ಲಿ ತೆರೆಯುತ್ತಾರೆ. ಅಷ್ಟರಲ್ಲಿ ಕೈ ಪಳಗಬೇಕು. ಕಾರ್ಖಾನೆಯ ಹಿಂದಿನ ಬಯಲಲ್ಲಿ ಕತ್ತರಿಸಿ ಉಳಿದ ಬಟ್ಟೆ ಚೂರಿನ ಮೂಟೆ ಒಂದನ್ನು ದಾರದ ತುದಿಗೆ ಕಟ್ಟಿ, ದೂರ ನಿಂತು ಎಳೆಯುವುದು ನನ್ನ ಉಪಾಯ. ಮೂಟೆ ಎಳೆದರೆ ಮೀನು ಎಳೆದ ಹಾಗೆ.

ಮೂಟೆ ಬರಲಿಲ್ಲ. ಹಿಡಿ ಸಲೀಸಾಗಿ ತಿರುಗುತ್ತದೆ, ದಾರ ಬಿಗಿಯಾಗಿದೆ, ಮೂಟೆ ಮಾತ್ರ ಕೂತ ಜಾಗದಿಂದ ಅಲ್ಲಾಡುವುದಿಲ್ಲ. ರೀಲಿಗೆ ಒಂದು ಬಿಗಿ ಇರುತ್ತದೆ, ಹಿಡಿಯ ಬುಡದಲ್ಲಿ ನಕ್ಷತ್ರದಂಥ ತಿರುಗಣೆ. ಅದು ಸಡಿಲವಿದ್ದರೆ ಹೀಗೆ ಜಾರುತ್ತದೆ. ಹಲ್ಲು ಕಚ್ಚಿ ಬಿಗಿ ಮಾಡಿದೆ. ಮತ್ತೂ ಜಾರಿತು.

ಅಷ್ಟು ಹೊತ್ತಿಗೆ ಅಣ್ಣನ ಅಳಿಯ ಸ್ಕೂಟರಿನಲ್ಲಿ ಆ ದಾರಿಯಾಗಿ ಹೋಗುತ್ತಿದ್ದವನು ನಿಲ್ಲಿಸಿದ. ಅಳಿಯಂದಿರು ತುಂಬ ಮರ್ಯಾದಸ್ಥರು. ನನ್ನಿಂದ ರೀಲು ಇಸಿದುಕೊಂಡು ತಿರುಗಣೆ ಮುಟ್ಟಿ ನೋಡಿ, ಮೆಲ್ಲಗೆ ಹೇಳಿದ.

"ಅತ್ತೆ, ಬಿಗಿ ಮಾಡೋಕೆ ಕೈಯಲ್ಲಿ ಶಕ್ತಿ ಬೇಕಲ್ವಾ. ಸುಮ್ನೆ ಯಾಕೆ ನೋಯಿಸ್ಕೊಳ್ತೀರಿ."

ಅವನು ಕುಹಕಕ್ಕೆ ಹೇಳಿದ್ದಲ್ಲ. ಹೇಳಿದ್ದರೆ ಜಾಡಿಸಿಬಿಡುತ್ತಿದ್ದೆ.

ಫೆಬ್ರವರಿ 17, ಮಂಗಳವಾರ

ಅಂಗಡಿಯವರೂ ಅದನ್ನೇ ಹೇಳಿದರು. ರೀಲು ಸರಿಯಾಗಿದೆ ಮೇಡಂ, ಕೈಯೇ ಸಾಲದು.

ಬರೆಯಲು ಬೇರೇನೂ ಇಲ್ಲ. ಅವರ ಮಾತೇ ನಿಜ ಇರಬಹುದು.

ಫೆಬ್ರವರಿ 19, ಗುರುವಾರ

ನಿಜವಲ್ಲ! ಸುಳ್ಳು, ಶುದ್ಧ ಸುಳ್ಳು!

ಬೆಳಗ್ಗೆ ಕೊನೆಯ ಸಲ ಎಂದು ಇವರ ಕೈಯಲ್ಲಿ ತಿರುಗಣೆ ಬಿಗಿ ಮಾಡಿಸಿದೆ. ಇವರು ಉಸಿರು ಕಟ್ಟಿ, ಮುಖ ಕೆಂಪಗೆ ಮಾಡಿಕೊಂಡು ಬಿಗಿ ಮಾಡಿದರು. ದಾರದ ತುದಿ ಕಿಟಕಿಯ ಸರಳಿಗೆ ಕಟ್ಟಿ ಎಳೆದೆವು. ಆಗಲೂ ಜಾರಿತು. ಹಾಗಾದರೆ ಇವರ ಕೈಯಲ್ಲೂ ಶಕ್ತಿ ಇಲ್ಲವೇ? ದಿನವಿಡೀ ಬಸ್ಸಿನ ಕಂಬಿ ಹಿಡಿದು ನೇತಾಡಿದ ಕೈ ಅದು.

ಕೆಲಸದ ಮಧ್ಯೆ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಊಟದ ಬಿಡುವಿನಲ್ಲಿ ನನ್ನ ಹಳೆಯ ಮೇಜಿಗೆ ಹೋಗಿ ಒಂದು ತುಂಡು ಗುರುತಿನ ಸುಣ್ಣ ಎತ್ತಿಕೊಂಡು ಬಂದೆ, ಬಟ್ಟೆಯ ಮೇಲೆ ಗೆರೆ ಎಳೆಯುತ್ತೇವಲ್ಲ, ಆ ಚಪ್ಪಟೆ ತುಂಡು. ಎರಡು ಪದರ ಬಟ್ಟೆ ಒಂದರ ಮೇಲೊಂದು ಜಾರುತ್ತಿದೆ ಎಂಬ ಅನುಮಾನ ಬಂದರೆ ನಾವು ಎರಡರ ಮೇಲೂ ಸೇರಿಸಿ ಒಂದೇ ಗೆರೆ ಎಳೆಯುತ್ತೇವೆ. ಗೆರೆ ಮುರಿದರೆ ಜಾರಿದೆ ಎಂದರ್ಥ. ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆ ರೀಲು ತೆಗೆದು, ಉರುಳೆಯ ಅಂಚಿನಿಂದ ದಾರದ ಮೇಲೆ ಹಾಯುವಂತೆ ಒಂದು ಬಿಳಿ ಗೆರೆ ಎಳೆದೆ. ದಾರವನ್ನು ಸರಳಿಗೆ ಕಟ್ಟಿ ಹಿಡಿ ತಿರುಗಿಸಿದೆ. ಅಂಚಿನ ಮೇಲಿನ ಗೆರೆ ಮುಂದೆ ಹೋಯಿತು. ದಾರದ ಮೇಲಿನ ಗೆರೆ ಇದ್ದಲ್ಲೇ ಇತ್ತು.

ಬಿಗಿ ಸರಿಯಾಗಿದೆ. ಕೈ ಸರಿಯಾಗಿದೆ. ಆ ನುಣುಪು ದಾರದ ಇಡೀ ಸುರುಳಿಯೇ ನುಣುಪು ಉರುಳೆಯ ಮೇಲೆ ಬಳೆಯ ಹಾಗೆ ಜಾರುತ್ತಿದೆ!

ಹಳೆಯ ರೀಲು ಯಾಕೆ ಜಾರುತ್ತಿರಲಿಲ್ಲ? ಅಣ್ಣ ಸುತ್ತಿಕೊಟ್ಟದ್ದನ್ನು ಪೂರ್ತಿ ಬಿಚ್ಚಿದೆ. ನಡುಮನೆ ತುಂಬಾ ದಾರ. ಕಟ್ಟಕಡೆಯಲ್ಲಿ, ಹೆಣೆದ ದಾರದ ಅಡಿಯಲ್ಲಿ, ಉರುಳೆಗೆ ಅಂಟಿಕೊಂಡು ಸಾದಾ ನೈಲಾನ್ ದಾರದ ಒಂದು ಪದರ. ನೈಲಾನು ಉರುಳೆಯನ್ನು ಕಚ್ಚಿ ಹಿಡಿಯುತ್ತದೆ. ಎರಡೂ ದಾರ ಸೇರುವಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಗಂಟು, ಮುಟ್ಟಿದರೂ ತಿಳಿಯದು. ಇಷ್ಟು ವರ್ಷ ಕಟ್ಟಿಕೊಟ್ಟ ಮಹಾನುಭಾವ ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ. ನಾನೂ ಕೇಳಲಿಲ್ಲ, ಅದು ಬೇರೆ ಮಾತು.

ಫೆಬ್ರವರಿ 22, ಭಾನುವಾರ

ಎರಡು ದಾರವನ್ನೂ ಹೊಸ ರೀಲನ್ನೂ ಎತ್ತಿಕೊಂಡು ಅಣ್ಣನ ಸಲೂನಿಗೆ ಹೋದೆ. ಆ ಗಂಟು ಒಂದನ್ನು ಕಟ್ಟಿಕೊಡಲಿ, ಜಗಳ ಆಮೇಲೆ ಆಡೋಣ ಎಂದುಕೊಂಡಿದ್ದೆ.

ಸಲೂನಿನಲ್ಲಿ ಭಾನುವಾರದ ಗಿರಾಕಿಗಳು ತುಂಬಿದ್ದರು. ಕತ್ತಿ ಕತ್ತರಿ ಎಲ್ಲ ಕೆಲಸದವರ ಕೈಗೆ ಬಿಟ್ಟು, ಅಣ್ಣ ಗಲ್ಲಾದ ಹಿಂದೆ ಕೈ ಕಟ್ಟಿ ಕೂತಿದ್ದ, ಜಮೀನ್ದಾರನ ಹಾಗೆ. ಒಬ್ಬ ಹಳೆಯ ಗಿರಾಕಿ ನೀವೇ ಶೇವ್ ಮಾಡಿ ಅಂದರೆ, ಹುಡುಗರು ನನಗಿಂತ ಚೆನ್ನಾಗಿ ಮಾಡ್ತಾರೆ ಎಂದುಬಿಟ್ಟ. ತನ್ನ ಕೈಯ ಕೆಲಸವನ್ನು ಯಾರೂ ಮೀರಿಸಲಾರರು ಎಂದು ಮೀಸೆ ತಿರುವುತ್ತಿದ್ದವನು! ಎಷ್ಟು ಸೊಕ್ಕು ಬಂದಿದೆ, ಕೆಲಸ ಮುಟ್ಟುವುದೂ ಬೇಡವಾಗಿದೆ.

ದಾರ ಮುಂದಿಟ್ಟು ಗಂಟು ಕಟ್ಟಿಕೊಡು ಎಂದೆ. ನೋಡಿದ. ರೀಲನ್ನೂ ನೋಡಿದ. ಎಡ ಹಿಡಿ ಕಂಡು ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. ಬಹಳ ಹೊತ್ತು ನೋಡಿದ. ಆದರೆ ಕಟ್ಟಿದ ಕೈ ಬಿಚ್ಚಲಿಲ್ಲ.

"ಅಳಿಯನ ಹತ್ರ ಕಟ್ಟಿಸ್ಕೋ" ಎಂದ.

ಅಷ್ಟೂ ಜನರೆದುರು ಕಣ್ಣಲ್ಲಿ ನೀರು ಬಂತು. ಒಂದು ಗಂಟು! ಒಂದು ಗಂಟು ಕಟ್ಟಿಕೊಡಲಾರದಷ್ಟು ನಾನು ಬೇಡವಾದೆನೇ? ನಿನ್ನ ಗಂಟೂ ಬೇಡ, ನಿನ್ನ ಬೋಟೂ ಬೇಡ ಎಂದು ಹೇಳಿ ಬಂದುಬಿಟ್ಟೆ. ಸಲೂನಿನ ಹಿಂದಿನ ಮನೆಯಿಂದ ಅತ್ತಿಗೆ ಓಡಿ ಬೀದಿಯ ತಿರುವಿನವರೆಗೆ ಹಿಂದೆ ಬಂದಳು. ಏನೋ ಹೇಳುವ ಹಾಗಿತ್ತು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾರ್ಚ್ 1, ಭಾನುವಾರ

ಹಳೆಯ ರೀಲಿನ ಗಂಟನ್ನು ಭೂತಗನ್ನಡಿಯ ಕೆಳಗಿಟ್ಟು ಒಂದೊಂದೇ ಸುತ್ತು ಬಿಡಿಸಿದೆ, ಹೇಗೆ ಕಟ್ಟಿದ್ದಾನೆಂದು ಕಲಿತೆ. ನಾನು ಕಟ್ಟಿದ ಗಂಟು ಅಕ್ಕಿಕಾಳಲ್ಲ, ಕಡಲೆಕಾಳು. ಆದರೆ ನಿಂತಿತು. ಅಡಿಯಲ್ಲಿ ನೈಲಾನ್, ಮೇಲೆ ಹಸಿರು ದಾರ. ಸುಣ್ಣದ ಗೆರೆ ಮುರಿಯಲಿಲ್ಲ. ಬಯಲಿನಲ್ಲಿ ಮೂಟೆ ದರದರನೆ ಎಳೆದುಕೊಂಡು ಬಂದು ಕಾಲ ಬಳಿ ನಿಂತಿತು. ಇವರು ಸೀಟಿ ಹೊಡೆದರು.

ಮಾರ್ಚ್ 20, ಶುಕ್ರವಾರ

ಈ ಸಲದ ನೀಲಿ ಬಟ್ಟೆ ಕಳಪೆ. ಲೇಬಲ್ ಮೇಜಿನಿಂದಲೇ ನೋಡುತ್ತಿದ್ದೇನೆ, ಅವಳು ಮೂರು ಪದರ ಸೇರಿಸಿ ಕತ್ತರಿ ಹಾಕಿದರೆ ಅಂಚು ಸುರುಟಿಕೊಳ್ಳುತ್ತದೆ, ಮೇಲ್ವಿಚಾರಕರಿಗೆ ಹೇಳಿದೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಟ್ಟರು.

ದಿನಾ ಸಂಜೆ ಬಯಲಲ್ಲಿ ಎಸೆತ. ಕೊಕ್ಕೆ ಕಳಚಿದ ಲ್ಯೂರ್. ಬಲಗೈ ತಿರುಗಣಿ ಕೀಲಿನ ಹಾಗೆ ಸುಮ್ಮನಿರಬೇಕು, ಕೋಲಿನ ಬುಡ ಹಿಡಿದ ಎಡಗೈ ಹೊಟ್ಟೆಯ ಕಡೆಗೆ ಎಳೆಯಬೇಕು, ಹೆಬ್ಬೆರಳು ಉರುಳೆಯನ್ನು ಸವರುತ್ತಿರಬೇಕು. ಲ್ಯೂರ್ ಬೀಳುವ ಹೊತ್ತಿಗೆ ಹೆಬ್ಬೆರಳು ಒತ್ತದಿದ್ದರೆ ಉರುಳೆ ಸುತ್ತುತ್ತಲೇ ಇರುತ್ತದೆ, ದಾರ ಹಕ್ಕಿಗೂಡಿನ ಹಾಗೆ ಸಿಕ್ಕಾಗುತ್ತದೆ. ಮೊದಮೊದಲು ಎಸೆದದ್ದಕ್ಕಿಂತ ಸಿಕ್ಕು ಬಿಡಿಸಿದ್ದೇ ಹೆಚ್ಚು. ಈಗ ಬೇಲಿ ದಾಟಿ ಬೀಳುತ್ತಿದೆ. ನಿನ್ನೆ ಕಾವಲುಗಾರನ ಸೈಕಲ್ಲಿಗೆ ಬಿತ್ತು, ಗಂಟೆ ಒಡೆಯಿತು. ಹೊಸದು ಕೊಡಿಸಿದೆ, ಖುಷಿಯಿಂದಲೇ.

ಏಪ್ರಿಲ್ 11, ಶನಿವಾರ

ನಾಳೆ ಕೆರೆ ತೆರೆಯುತ್ತದೆ, ಕ್ಲಬ್ಬಿನ ಪಂದ್ಯವೂ ನಾಳೆಯೇ. ಬೋಟಿಲ್ಲದವರು ಏರಿಯ ಕಲ್ಲುಗೋಡೆಯ ಮೇಲಿಂದ ಎಸೆಯಬಹುದು ಎಂದು ಕ್ಲಬ್ಬಿನ ನಿಯಮವಿದೆ. ಅಣ್ಣನ ಕಣ್ಣೆದುರಿಗೇ ಎಸೆಯುತ್ತೇನೆ. ಅವನ ಬೋಟಿನ ಮೂತಿಗೆ ತಾಕುವ ಹಾಗೆ ಎಸೆಯುತ್ತೇನೆ. ತೂಕದ ಮೇಜಿನ ಕುರ್ಚಿ ಖಾಲಿ ಇರಲಿ, ಎಲ್ಲರೂ ನೋಡಲಿ.

ಏಪ್ರಿಲ್ 12, ಭಾನುವಾರ

ಕೈ ಇನ್ನೂ ಮೀನಿನ ವಾಸನೆ. ಆದದ್ದು ಆದ ಹಾಗೆ ಬರೆಯುತ್ತೇನೆ.

ಬೆಳಕು ಹರಿಯುವ ಹೊತ್ತಿಗೆ ಹೋದೆವು. ತೂಕದವರು, ಅಂದರೆ ಕ್ಲಬ್ಬಿನ ಕಾರ್ಯದರ್ಶಿ, ಕುರ್ಚಿ ಒರೆಸಿ ಇಟ್ಟಿದ್ದರು. ನಿಮ್ಮಣ್ಣ ಹೇಳಿದ್ದರು ಎಂದರು. ಹಾಗಾದರೆ ಅವನನ್ನೇ ಕೂರಿಸಿ ಎಂದು ಹೇಳಿ ಏರಿಯ ಮೇಲೆ ಹೋದೆ.

ಮೊದಲ ಎಸೆತ ನೆಟ್ಟಗೆ ಹೋಯಿತು. ಆಹಾ, ಆ ಭಾರದ ಲ್ಯೂರ್ ಗಾಳಿಯಲ್ಲಿ ಹೋಗುವುದನ್ನು ನೋಡಬೇಕು! ಎಡಗೈಯಲ್ಲಿ ನಿಧಾನವಾಗಿ ಸುತ್ತಿ ತಂದೆ. ಮತ್ತೆ ಎಸೆದೆ. ಪಕ್ಕದಲ್ಲಿ ನಿಂತವರು ತಮ್ಮ ಎಸೆತ ಬಿಟ್ಟು ನನ್ನದನ್ನು ನೋಡುತ್ತಿದ್ದರು. ಅಣ್ಣನ ಬೋಟು ಎದುರಿಗೇ, ಜೊಂಡಿನ ಅಂಚಿನಲ್ಲಿತ್ತು. ನೋಡಿದನೋ ಇಲ್ಲವೋ ಎಂದು ನಾನೂ ಓರೆಗಣ್ಣಿನಿಂದ ನೋಡಿದೆ.

ಅಳಿಯ ಎಸೆದ. ಹೆಬ್ಬೆರಳು ಒತ್ತಲಿಲ್ಲ, ದಾರ ದೊಡ್ಡ ಗೂಡಾಯಿತು. ನನಗೆ ನಗು ಬಂತು. ಈಗ ಅಣ್ಣ ಬೈದು ಕಿತ್ತುಕೊಳ್ಳುತ್ತಾನೆ ಎಂದು ಕಾದೆ. ಸಿಕ್ಕಾದ ದಾರ ಕಂಡರೆ ಸುಮ್ಮನಿರಲಾರದ ಮನುಷ್ಯ ಅವನು. ಪಕ್ಕದ ಬೋಟಿನವರ ಸಿಕ್ಕನ್ನೂ ಕೇಳದೆ ಇಸಿದುಕೊಂಡು ಬಿಡಿಸಿಕೊಡುತ್ತಿದ್ದ. ಅಳಿಯ ಪರದಾಡುತ್ತಿದ್ದಾನೆ, ಹಲ್ಲಿನಿಂದ ಎಳೆಯುತ್ತಿದ್ದಾನೆ. ಅಣ್ಣ ಮುಂದಿನ ಸೀಟಿನಲ್ಲಿ ಸುಮ್ಮನೆ ಕೂತಿದ್ದಾನೆ. ಅವನ ಗಾಳ ಕಾಲ ಕೆಳಗೆ ಮಲಗಿದೆ. ಬಲಗೈಯನ್ನು ತೊಡೆಯ ಅಡಿಗೆ ಇಟ್ಟುಕೊಂಡು, ಅದರ ಮೇಲೆ ಕೂತಿದ್ದಾನೆ.

ನಾನು ಸುತ್ತುವುದನ್ನು ನಿಲ್ಲಿಸಿದೆ. ಅರ್ಧ ಲೋಟ ಟೀ. ಗಲ್ಲಾದ ಹಿಂದೆ ಕಟ್ಟಿದ ಕೈ. ಗಂಟು. ಅತ್ತಿಗೆ ಬೀದಿಯ ತಿರುವಿನವರೆಗೆ ಬಂದದ್ದು. ಛೇ, ಎಷ್ಟು ದಿನದಿಂದ ಕಣ್ಣ ಮುಂದೆಯೇ ಇತ್ತು, ನಾನು ಅವನ ಮೇಲೆ ಉರಿದುರಿದು ಬಿದ್ದೆನೇ ಹೊರತು ನೋಡಲಿಲ್ಲ.

ಏರಿಯ ಮೇಲಿಂದಲೇ ಕೂಗಿ ಬೋಟನ್ನು ಮೆಟ್ಟಿಲಿಗೆ ಕರೆಸಿದೆ. ಅಳಿಯಂದಿರೇ, ಸ್ವಲ್ಪ ಇಳೀರಿ ಎಂದೆ. ಪಾಪ, ಬಿಡುಗಡೆ ಸಿಕ್ಕವನ ಹಾಗೆ ಇಳಿದ. ಹಾದುಹೋಗುವಾಗ, ಯಾರಿಗೂ ಹೇಳಬಾರದೆಂದು ಮಾವ ಆಣೆ ಹಾಕಿಸಿಕೊಂಡಿದ್ದರು ಎಂದು ಪಿಸುಗುಟ್ಟಿದ.

ನಾನು ಕೆಳಗಿನ ಮೆಟ್ಟಿಲ ಮೇಲೆ, ಅದೇ ಪಾಚಿಯ ಮೇಲೆ ನಿಂತು, ಅಣ್ಣನಿಗೆ ಕೈ ಕೊಡು ಎಂದೆ. ಅವನು ತಲೆ ಆಡಿಸಿದ.

"ಕೊಡ್ತೀಯೋ, ಇಲ್ಲಾ ನೀರಿಗೆ ಹಾರ್ಲೋ?"

ಹಾರುತ್ತಿದ್ದೆ, ಅದು ಅವನಿಗೆ ಗೊತ್ತು. ತೊಡೆಯ ಅಡಿಯಿಂದ ಬಲಗೈ ತೆಗೆದು ಚಾಚಿದ. ಬಿಸಿಲಿಗೆ ಬಿದ್ದ ಎಲೆಯ ನೆರಳಿನ ಹಾಗೆ ಅಲುಗುತ್ತಿತ್ತು. ಅಂಗೈ ಹಿಡಿಯಲಿಲ್ಲ, ಮಣಿಕಟ್ಟನ್ನೇ ಗಟ್ಟಿಯಾಗಿ ಹಿಡಿದು ಹತ್ತಿದೆ. ನನ್ನ ಹಿಂದಿನ ಸೀಟಿನಲ್ಲಿ ಕೂತೆ. ಜೊಂಡಿನವರೆಗೆ ಬೋಟು ಬಿಟ್ಟೆವು. ಆಮೇಲೆ ಅವನು ನೀರು ನೋಡುತ್ತಾ ಹೇಳಿದ.

"ಅವತ್ತು ನೀನು ಜಾರ್ಲಿಲ್ಲ ಕಣೇ. ನನ್ನ ಕೈಗೆ ಹಿಡಿತ ಸಿಗ್ಲಿಲ್ಲ, ಬಿಟ್ಟುಬಿಟ್ಟೆ. ಇನ್ನೊಂದ್ಸಲ ನಿನ್ನ ಬೀಳಿಸೋ ಧೈರ್ಯ ನಂಗಿಲ್ಲ."

ಅಳು ಬಂತು, ಸಿಟ್ಟೂ ಬಂತು. ಸಿಟ್ಟೇ ಮೊದಲು ಬಾಯಿಗೆ ಬಂತು.

"ಮುರಿದಿದ್ದು ನನ್ನ ಕೈ. ಸೀಟು ಬಿಡಬೇಕೋ ಬೇಡ್ವೋ ಅಂತ ನಾನು ಹೇಳ್ಬೇಕು. ನೀನಲ್ಲ."

ಡಾಕ್ಟರು ಏನು ಹೇಳಿದರು ಎಂದು ಕೇಳಿದೆ. ಮಾತ್ರೆ ಕೊಟ್ಟಿದ್ದಾರಂತೆ, ಬಲಗೈ ಮಾತ್ರ ಹೀಗಂತೆ, ಎಡಗೈಗೆ ಇನ್ನೂ ಬಂದಿಲ್ಲವಂತೆ. ಲ್ಯೂರ್ ಎಸೆದರೆ ಹೆಬ್ಬೆರಳು ನಿಲ್ಲುವುದಿಲ್ಲ, ರೀಲಿನ ಹಿಡಿ ಬಲಗೈಗೆ ಸಿಗುವುದಿಲ್ಲ, ಇನ್ನು ಈ ಜನ್ಮಕ್ಕೆ ಮುಗಿಯಿತು ಎಂದ. ಸಲೂನಿನಲ್ಲಿ ನನ್ನ ರೀಲನ್ನು ಅಷ್ಟು ಹೊತ್ತು ಯಾಕೆ ನೋಡಿದ ಎಂದು ಆಗ ಹೊಳೆಯಿತು.

ಎದ್ದು ನಿಂತು ನನ್ನ ಲ್ಯೂರನ್ನು ಜೊಂಡಿನ ಸಂದಿಗೆ ಎಸೆದೆ. ಕೋಲನ್ನು ಅವನ ಕೈಗೆ ಕೊಟ್ಟೆ. ಬುಡ ಹೊಟ್ಟೆಗೆ ಒರಗಿಸಿಕೋ, ಬಲಗೈ ಸುಮ್ಮನೆ ಮೇಲಿರಲಿ, ಎಡಗೈಯಲ್ಲಿ ಸುತ್ತು ಎಂದೆ. ಬಲಗೈ ನಡುಗುತ್ತದೆ, ಕೋಲೂ ನಡುಗುತ್ತದೆ ಎಂದ.

"ನಡುಗ್ಲಿ. ಲ್ಯೂರಿಗೆ ಜೀವ ಬರುತ್ತೆ. ನಾವು ಎಷ್ಟು ಅಲುಗಾಡ್ಸಿದ್ರೂ ಬರಲ್ಲ ಅದು."

ಸುತ್ತಿದ. ದಪ್ಪನೆಯ ಗುಬುಟಿಗೆ ಅವನ ಎಡ ಮುಷ್ಟಿ ಸರಿ ಹೊಂದಿತು. ನಿಧಾನದ ಗೇರ್, ಅವಸರವಿಲ್ಲ. ನೀರಿನಡಿಯಲ್ಲಿ ಹುಸಿಮೀನು ಗಾಯಗೊಂಡ ಮೀನಿನ ಹಾಗೆ ಮೈ ಅದುರಿಸುತ್ತಾ ಬರುವುದು ಕಾಣುತ್ತಿತ್ತು. ಮತ್ತೆ ಎಸೆದೆ, ಮತ್ತೆ ಸುತ್ತಿದ. ನಾನು ಎಸೆಯುವುದು, ಅವನು ಸುತ್ತುವುದು. ಬಿಸಿಲು ಏರಿತು. ಮಧ್ಯೆ ಒಮ್ಮೆ, ನಿನ್ನ ಗಂಟು ಕಡಲೆಕಾಳಿನಷ್ಟಿದೆ, ಬೆರಳಿಗೆ ಸಿಗುತ್ತದೆ ಎಂದು ಕೊಂಕು ಆಡಿದ. ಅದನ್ನು ಕೇಳಿ ನನಗೆ ಎಷ್ಟು ಸಮಾಧಾನವಾಯಿತೋ.

ಆಮೇಲೆ ನೀರು ಒಡೆಯಿತು. ಕೋಲು ಬಿಲ್ಲಾಯಿತು. ಅವನು ನನ್ನ ಕಡೆ ನೋಡಿ ಕೋಲು ತಗೋ ಎಂದ. ತಗೊಳ್ಳಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಅವನು ಬೈಯುತ್ತಾ ಸುತ್ತಿದ. ಬಾಸು ಜೊಂಡಿನೊಳಗೆ ನುಗ್ಗಲು ನೋಡಿತು, ದಾರ ಉರುಳೆಯ ಮೇಲೆ ಕೂದಲೆಳೆಯಷ್ಟೂ ಜಾರಲಿಲ್ಲ. ಪಕ್ಕಕ್ಕೆ ಬಂದಾಗ ಬಲೆ ಹಾಕಿ ಎತ್ತಿದೆ. ನನ್ನ ತೋಳುದ್ದದ ಮೀನು. ಅಣ್ಣ ಅದನ್ನೇ ನೋಡುತ್ತಾ, ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರು ಒರೆಸಿಕೊಳ್ಳುವುದನ್ನೂ ಮರೆತು ಕೂತಿದ್ದ.

ತೂಕದ ಮೇಜಿನ ಸುತ್ತ ಎಲ್ಲರೂ ಸೇರಿದರು. ಅಲ್ಲಿಯವರೆಗೆ ಬಂದದ್ದರಲ್ಲೆಲ್ಲ ಅದೇ ದೊಡ್ಡದು. ಯಾರದು ಎಂದು ತೂಕದವರು ಕೇಳಿದರು. ನಾನು ಎಸೆದೆ, ಇವನು ಎಳೆದ ಎಂದೆ. ಅವರು ಪೆನ್ನು ಎತ್ತಿಕೊಂಡು ಕಸಿವಿಸಿಪಟ್ಟರು. ಎಸೆದವರೇ ಎಳೆಯಬೇಕು, ಇಲ್ಲದಿದ್ದರೆ ಮೀನು ಲೆಕ್ಕಕ್ಕಿಲ್ಲ, ನಿಯಮ ಹಾಗಿದೆ, ನಾನೇನು ಮಾಡಲಿ ಎಂದರು. ಲೆಕ್ಕಕ್ಕಿಲ್ಲದಿದ್ದರೆ ಬಿಡಿ, ನಾವು ಹೀಗೇ ಹಿಡಿಯುವುದು ಎಂದೆ. ಹಾಗಾದರೆ ತೂಗುವುದೇ ಬೇಡ, ನೀರಿಗೆ ಬಿಡುವ ಮೊದಲು ಒಮ್ಮೆ ಎತ್ತಿ ತೋರಿಸಿ ಎಂದು ಯಾರೋ ಕೂಗಿದರು.

ನಾನು ಬಗ್ಗಿದೆ. ಅಣ್ಣ ನನ್ನನ್ನು ಪಕ್ಕಕ್ಕೆ ಸರಿಸಿದ. ಜೇಬಿನಿಂದ ಬಲಗೈ ತೆಗೆದು, ಹೆಬ್ಬೆರಳಲ್ಲಿ ಮೀನಿನ ಕೆಳದವಡೆ ಹಿಡಿದು, ಎಡಗೈ ಹೊಟ್ಟೆಗೆ ಕೊಟ್ಟು, ಅಷ್ಟೂ ಜನರ ಎದುರು ತಲೆಯ ಮಟ್ಟಕ್ಕೆ ಎತ್ತಿದ. ಮೀನು ಬಾಯಿಂದ ಬಾಲದವರೆಗೆ ಗಡಗಡನೆ ಅದುರುತ್ತಿತ್ತು.

"ಅಬ್ಬಾ, ಇನ್ನೂ ಎಷ್ಟು ಒದ್ದಾಡ್ತಿದೆ ನೋಡಿ ಮೀನು" ಎಂದರು ತೂಕದವರು.

"ಮೀನಲ್ಲ" ಎಂದ ಅಣ್ಣ. "ನನ್ನ ಕೈ."

ಅವನು ಇನ್ನೂ ಸ್ವಲ್ಪ ಹೊತ್ತು ಹಾಗೇ ಎತ್ತಿ ಹಿಡಿದಿದ್ದ, ನೋಡಬೇಕಾದವರೆಲ್ಲ ನೋಡಲಿ ಎಂದು. ಆಮೇಲೆ ಬಗ್ಗಿ ಮೀನನ್ನು ನೀರಿಗೆ ಬಿಟ್ಟು, ಬೋಟು ಹತ್ತಿ, ತಿರುಗಿ ನನಗೆ ಕೈ ಕೊಟ್ಟ. ಇನ್ನೂ ಬೇಕಾದಷ್ಟು ಬಿಸಿಲಿತ್ತು.